ಅಂಗಳದಲ್ಲಿ ನಿಂತ ಹಳೆ ಕಾರು ಸೋರುವುದು ಯಾಕೆ, ನಿಲ್ಲಿಸುವುದು ಹೇಗೆ?

ಮೃಗಶಿರ ಮಳೆ ಹಿಡಿಯುತ್ತಿದ್ದಂತೆ ತೀರ್ಥಹಳ್ಳಿ, ಕೊಪ್ಪ, ಸಾಗರದ ಕಡೆ ಮನೆ ಅಂಗಳಗಳಲ್ಲಿ ನೀಲಿ ಟಾರ್ಪಾಲು ಹೊದ್ದ ಗುಡ್ಡೆಗಳು ಕಾಣಿಸತೊಡಗುತ್ತವೆ. ಒಳಗೆ ಒಂದು ಮಾರುತಿ 800 ಇರುತ್ತದೆ, ಇಲ್ಲಾ ಓಮ್ನಿ. ಎಲ್ಲೋ ಒಂದು ಕಡೆ ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ. ಹಗ್ಗ ಬಿಗಿದು, ಗಾಳಿಗೆ ಹಾರದ ಹಾಗೆ ಕಲ್ಲು ಕಟ್ಟಿ, ಇನ್ನು ಚೌತಿವರೆಗೆ ಚಿಂತೆಯಿಲ್ಲ ಅಂತ ಬಿಡುತ್ತಾರೆ. ಹಬ್ಬಕ್ಕೆ ಅಂತ ಟಾರ್ಪಾಲು ತೆಗೆದರೆ ಸ್ಟೇರಿಂಗ್ ಮೇಲೆ ಬೂಷ್ಟು, ಸೀಟಿನ ಮೇಲೆ ಬೂಷ್ಟು, ಕಾಲಿಡುವ ಜಾಗದಲ್ಲಿ ನೀರು.

ಅಷ್ಟು ಭದ್ರವಾಗಿ ಮುಚ್ಚಿದ ಮೇಲೂ ನೀರು ಎಲ್ಲಿಂದ ಬಂತು? ಕಾರು ತಯಾರಿಸಿದವರು ಎಲ್ಲೂ ಒಂದು ಹನಿ ನೀರು ನುಗ್ಗಬಾರದು ಅಂತ ಅದನ್ನು ಕಟ್ಟಿರುವುದಿಲ್ಲ. ನುಗ್ಗಿದ ನೀರು ಜನ ಕೂರುವ ಜಾಗಕ್ಕೆ ಬರದೆ ಪಕ್ಕದಿಂದ ಇಳಿದು ಹೋಗಲಿ ಅಂತ ಕಟ್ಟಿರುತ್ತಾರೆ. ಬಾಗಿಲ ಹೊಟ್ಟೆಯಲ್ಲಿ, ಮುಂದಿನ ಗಾಜಿನ ಬುಡದಲ್ಲಿ, ಡಿಕ್ಕಿಯ ಅಂಚಿನಲ್ಲಿ ನೀರಿಗೆ ಅಂತಲೇ ದಾರಿಗಳಿವೆ. ಹಳೆ ಕಾರು ಸೋರತೊಡಗಿದರೆ ಮೊದಲು ಅನುಮಾನ ಪಡಬೇಕಾದ್ದು ಆ ದಾರಿಗಳ ಮೇಲೆ. ಇದು ಗೊತ್ತಿಲ್ಲದೆ ಸಿಲಿಕಾನ್ ಟ್ಯೂಬ್ ಹಿಡಿದು ಕಂಡ ಕಂಡ ಸಂದಿಗೆಲ್ಲ ಬಳಿದರೆ, ಎಷ್ಟೋ ಸಲ ನೀರು ಹೊರಗೆ ಹೋಗುವ ತೂತನ್ನೇ ಮುಚ್ಚಿರುತ್ತೇವೆ.

ನೀರಿನ ಲೆಕ್ಕ ಒಮ್ಮೆ ಹಾಕಿ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಮಾರುತಿ 800ರ ಉದ್ದ ಸುಮಾರು 3.3 ಮೀಟರ್, ಅಗಲ ಸುಮಾರು 1.4 ಮೀಟರ್. ಮೇಲಿನಿಂದ ನೋಡಿದರೆ ನಾಲ್ಕೂವರೆ ಚದರ ಮೀಟರ್. ಆರಿದ್ರೆಯಲ್ಲೋ ಪುನರ್ವಸುವಿನಲ್ಲೋ ದಿನಕ್ಕೆ 100 ಮಿ.ಮೀ. ಸುರಿಯುವುದು ಘಟ್ಟದ ಕಡೆ ದೊಡ್ಡ ಸುದ್ದಿಯೇನಲ್ಲ. ಆ ಒಂದು ದಿನದಲ್ಲಿ ಕಾರಿನ ಮೇಲೆ 450 ಲೀಟರ್ ಬೀಳುತ್ತದೆ. ವರ್ಷಕ್ಕೆ ಸರಾಸರಿ 7,600 ಮಿ.ಮೀ. ಆಸುಪಾಸು ಮಳೆ ಬೀಳುವ ಆಗುಂಬೆಯಲ್ಲಾದರೆ ವರ್ಷಕ್ಕೆ 34 ಸಾವಿರ ಲೀಟರ್. ಅದರಲ್ಲಿ ಸಾವಿರಕ್ಕೆ ಒಂದು ಪಾಲು ಒಳಗೆ ಉಳಿದರೂ ಎರಡು ಬಕೆಟ್ ಆಯಿತು. ಬೆಂಗಳೂರಿನ ಮಳೆ ಆಗುಂಬೆಯ ಏಳೆಂಟರಲ್ಲಿ ಒಂದು ಪಾಲು ಅಷ್ಟೇ, ನಿಜ. ಆದರೆ ಅಲ್ಲಿ ಕಾರು ರಸ್ತೆ ಬದಿಯ ಮರದ ಕೆಳಗೆ ನಿಂತಿರುತ್ತದೆ. ಎಲೆ ಉದುರಿ ನೀರಿನ ದಾರಿ ಕಟ್ಟುವುದು ಅಲ್ಲೇ ಜಾಸ್ತಿ.

ಇನ್ನು ವಯಸ್ಸು. ಕೊನೆಯ ಮಾರುತಿ 800 ಕಾರ್ಖಾನೆಯಿಂದ ಹೊರಬಂದದ್ದು 2014ರ ಜನವರಿಯಲ್ಲಿ. ಅಂದರೆ ಅತಿ ಹೊಸ 800ರ ರಬ್ಬರಿಗೂ ಹತ್ತು ವರ್ಷ ದಾಟಿದೆ. ಇಷ್ಟು ಬಿಸಿಲು ಕಂಡ ರಬ್ಬರ್ ಗಟ್ಟಿಯಾಗುತ್ತದೆ, ಕುಗ್ಗುತ್ತದೆ, ಮೂಲೆಗಳಲ್ಲಿ ಬಾಯಿ ಬಿಡುತ್ತದೆ.

ಬಾಗಿಲ ಹೊಟ್ಟೆಯೊಳಗೆ

ಹೆಚ್ಚಿನವರು ನೋಡದೇ ಇರುವ ಜಾಗ ಇದು. ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ.

ಕಿಟಕಿ ಗಾಜಿನ ಬುಡದಲ್ಲಿ ಹೊರಗಡೆ ಒಂದು ಉದ್ದನೆಯ ರಬ್ಬರ್ ಪಟ್ಟಿ ಇರುತ್ತದೆ, ಅಲ್ವಾ? ಅದು ನೀರನ್ನು ಪೂರ್ತಿ ತಡೆಯುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಅದರ ಕೆಲಸ ಗಾಜನ್ನು ಒರೆಸುವುದಷ್ಟೇ. ಜೋರು ಮಳೆಯಲ್ಲಿ ಗಾಜಿನ ಮೇಲೆ ಇಳಿಯುವ ನೀರಿನಲ್ಲಿ ಒಂದಷ್ಟು ಆ ಪಟ್ಟಿ ದಾಟಿ ಬಾಗಿಲ ಒಳಕ್ಕೇ ಹೋಗುತ್ತದೆ. ಹೊಸ ಕಾರಿನಲ್ಲೂ ಹೋಗುತ್ತದೆ. ಒಳಗೆ ತಗಡಿನ ಗೋಡೆ ಹಿಡಿದು ಇಳಿದು, ಬಾಗಿಲ ತಳದ ಅಂಚಿನಲ್ಲಿರುವ ಮೂರ್ನಾಲ್ಕು ಸಣ್ಣ ತೂತುಗಳಿಂದ ಹೊರಗೆ ತೊಟ್ಟಿಕ್ಕುತ್ತದೆ. ಮಳೆ ನಿಂತ ಮೇಲೆ ಬಾಗಿಲ ಕೆಳಗೆ ಹನಿ ಬೀಳುತ್ತಿದ್ದರೆ ಖುಷಿಪಡಿ, ದಾರಿ ತೆರೆದಿದೆ ಅಂತ ಅರ್ಥ.

ಬಾಗಿಲು ತೆರೆದು ಮುಚ್ಚುವಾಗ ಒಳಗೆ ನೀರು ತುಳುಕಿದ ಸದ್ದು ಬಂದರೆ ತೂತು ಕಟ್ಟಿದೆ. ಕೂತು, ತಲೆ ಬಗ್ಗಿಸಿ ಬಾಗಿಲ ಕೆಳಅಂಚು ನೋಡಿ. ಕೆಂಪು ಮಣ್ಣು, ಎಲೆಯ ಪುಡಿ, ಕೆಲವೊಮ್ಮೆ ಪೇಂಟ್ ಮಾಡಿಸಿದಾಗ ಬಳಿದ ಬಣ್ಣವೇ ತೂತಿಗೆ ಅಡ್ಡ ನಿಂತಿರುತ್ತದೆ. ಹಿಡಿಸೂಡಿಯ ಒಂದು ಕಡ್ಡಿ ಮುರಿದು ತೂತಿಗೆ ಹಾಕಿ ಮೆಲ್ಲಗೆ ಆಡಿಸಿದರೆ ಸಾಕು, ಕಂದು ನೀರು ದಬದಬ ಸುರಿಯುತ್ತದೆ. ಕಬ್ಬಿಣದ ತಂತಿ ಬೇಡ, ಪೇಂಟ್ ಕೆರೆದು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಹಳೆ ಕಾರುಗಳ ಬಾಗಿಲು ಮೊದಲು ಕೊಳೆಯುವುದು ತಳದ ಅಂಚಿನಲ್ಲೇ. ನೀರು ತಿಂಗಳುಗಟ್ಟಲೆ ಅಲ್ಲೇ ನಿಂತಿರುತ್ತದಲ್ಲ.

ಎರಡನೇ ಸಂಗತಿ ಡೋರ್ ಪ್ಯಾಡ್, ಅಂದರೆ ಬಾಗಿಲ ಒಳಬದಿಗೆ ಹೊದಿಸಿದ ಹಲಗೆ, ಅದರ ಹಿಂದಿನ ಪ್ಲಾಸ್ಟಿಕ್ ಹಾಳೆ. ಬಾಗಿಲ ಒಳಗೋಡೆಯಲ್ಲಿ ದೊಡ್ಡ ದೊಡ್ಡ ಕಿಂಡಿಗಳಿರುತ್ತವೆ, ಗಾಜು ಏರಿಸುವ ಮಷಿನ್ ರಿಪೇರಿಗೆ ಕೈ ಹಾಕಲು. ಆ ಕಿಂಡಿಗಳ ಮೇಲೆ ಕಂಪನಿಯವರು ಒಂದು ತೆಳು ಹಾಳೆ ಅಂಟಿಸಿರುತ್ತಾರೆ. ಒಳಗೆ ಚಿಮ್ಮಿದ ನೀರು ಈ ಹಾಳೆಗೆ ಬಡಿದು ಮತ್ತೆ ಬಾಗಿಲ ಹೊಟ್ಟೆಗೇ ಬೀಳಬೇಕು. ಗಾಜಿನ ಮಷಿನ್ ಕೆಟ್ಟಾಗ ಮೆಕ್ಯಾನಿಕ್ ಹಾಳೆ ಹರಿದು ಕೆಲಸ ಮುಗಿಸುತ್ತಾನೆ, ಮತ್ತೆ ಅಂಟಿಸುವುದಿಲ್ಲ. ಸ್ಪೀಕರ್ ಕೂರಿಸುವವನು ಅದನ್ನು ವೃತ್ತಾಕಾರವಾಗಿ ಕತ್ತರಿಸಿ ಎಸೆಯುತ್ತಾನೆ. ಆಮೇಲೆ ನೀರು ಡೋರ್ ಪ್ಯಾಡ್ ನೆನೆಸಿ, ಹೊಸ್ತಿಲಿನ ತಗಡು ದಾಟಿ, ಕಾರ್ಪೆಟ್ ಕೆಳಗೆ ಇಳಿಯುತ್ತದೆ. ಮಾಲೀಕರು ಬಾಗಿಲ ಬೀಡಿಂಗ್ (ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ) ಹೋಗಿದೆ ಅಂತ ಹೊಸದು ಹಾಕಿಸುತ್ತಾರೆ. ಸೋರುವುದು ಹಾಗೇ ಇರುತ್ತದೆ.

ಇದಕ್ಕೆ ಖರ್ಚು ತೀರಾ ಕಡಿಮೆ. ಡೋರ್ ಪ್ಯಾಡ್ ಬಿಚ್ಚಿ, ದಪ್ಪ ಪಾಲಿಥೀನ್ ಹಾಳೆಯನ್ನು ಅಳತೆಗೆ ಕತ್ತರಿಸಿ, ಸುತ್ತ ಬ್ಯುಟೈಲ್ ಟೇಪಿನಿಂದ ಅಂಟಿಸಬೇಕು. ಇದು ಕಪ್ಪಗೆ, ಮೇಣದಂತೆ ಮೆತ್ತಗೆ ಇರುವ ಟೇಪು. ಮತ್ತೆ ಬಿಚ್ಚಬೇಕಾದರೂ ಬಿಡಿಸಬಹುದು. ಮರೆಯಬಾರದ ಒಂದು ವಿಷಯ ಹಾಳೆಯ ಕೆಳಅಂಚು. ಅದು ತಗಡಿನ ಮೇಲೆ ಹೊರಗೆ ಇಳಿಬಿದ್ದಿರಬಾರದು, ಕೆಳಗಿನ ಕಿಂಡಿಯೊಳಗೆ ತೂರಿರಬೇಕು. ಆಗ ಹಾಳೆ ಹಿಡಿದು ಇಳಿದ ನೀರು ಬಾಗಿಲ ಒಳಗೇ ಬೀಳುತ್ತದೆ. ಎಲ್ಲ ಚೆನ್ನಾಗಿ ಅಂಟಿಸಿ ಈ ಅಂಚನ್ನು ಹೊರಗೆ ಬಿಟ್ಟರೆ ಪಟ್ಟ ಶ್ರಮ ನೀರಲ್ಲಿ ಹೋಮ.

ಗಾಜಿನ ಬುಡ, ಗಾಜಿನ ಸುತ್ತ

ವೈಪರ್ ಕೆಳಗೆ, ಬಾನೆಟ್ ಮುಗಿಯುವಲ್ಲಿ, ಒಂದು ಜಾಲರಿ ಇದೆ. ಒಳಗೆ ಗಾಳಿ ಹೋಗುವುದು ಅಲ್ಲಿಂದಲೇ. ಜಾಲರಿಯ ಕೆಳಗೆ ಸಣ್ಣ ತೊಟ್ಟಿಯಂಥ ಜಾಗ, ಅದರ ಎರಡು ಬದಿಗೆ ನೀರು ಇಳಿಯುವ ತೂತು. ಮುಂದಿನ ಗಾಜಿನ ಮೇಲೆ ಬಿದ್ದದ್ದೆಲ್ಲ ಇಲ್ಲಿಗೇ ಬರುತ್ತದೆ. ಮಾವಿನೆಲೆ, ಹಲಸಿನೆಲೆ, ಗುಲ್‌ಮೊಹರಿನ ಪುಡಿ ಎಲೆ ಸೇರಿ ಕೊಳೆತು ತೂತು ಮುಚ್ಚಿದರೆ ತೊಟ್ಟಿ ತುಂಬುತ್ತದೆ. ತುಂಬಿದ ನೀರು ಗಾಳಿ ಹೋಗುವ ಬಾಯಿಂದಲೇ ಒಳಗೆ ಸುರಿಯುತ್ತದೆ. ಮುಂದಿನ ಸೀಟಿನ ಕಾಲಿಡುವ ಜಾಗ, ಅದರಲ್ಲೂ ಎಡಗಡೆ, ಒದ್ದೆಯಾದರೆ ಮೊದಲು ಇಲ್ಲಿ ನೋಡಿ. ಒಂದು ಚೊಂಬು ನೀರು ಜಾಲರಿಗೆ ಹೊಯ್ದು, ಮುಂದಿನ ಚಕ್ರದ ಹಿಂದೆ ಅದು ಬೀಳುತ್ತದೆಯಾ ಗಮನಿಸಿ. ಬಿದ್ದರೆ ಸರಿ. ಬೀಳದಿದ್ದರೆ ಕೈ ಹಾಕಿ ಎಲೆ ತೆಗೆಯಬೇಕು. ಮಳೆಗಾಲ ಶುರುವಾಗುವ ಮುಂಚೆ ಒಂದೇ ಒಂದು ಕೆಲಸ ಮಾಡಲು ಸಮಯವಿದೆ ಅಂದರೆ ನಾನು ಇದನ್ನೇ ಮಾಡುತ್ತೇನೆ.

ಮುಂದಿನ ಗಾಜಿನ ಸುತ್ತಲಿನ ರಬ್ಬರಿನ ವಿಷಯ ಬೇರೆ. ಈಗಿನ ಕಾರುಗಳಲ್ಲಿ ಗಾಜನ್ನು ಪಾಲಿಯುರಿಥೇನ್ ಅಂಟಿನಿಂದ ನೇರ ತಗಡಿಗೆ ಕೂರಿಸುತ್ತಾರೆ. ಪದ್ಮಿನಿ, ಅಂಬಾಸಿಡರ್, ಹಳೆ 800, ಓಮ್ನಿಗಳಲ್ಲಿ ಗಾಜು ದಪ್ಪ ರಬ್ಬರಿನ ಚೌಕಟ್ಟಿನಲ್ಲಿ ಕೂತಿರುತ್ತದೆ. ಈ ರಬ್ಬರ್ ಕುಗ್ಗಿದಾಗ ನೀರು ಗಾಜು ಮತ್ತು ರಬ್ಬರಿನ ನಡುವೆ ನುಗ್ಗಬಹುದು, ಇಲ್ಲಾ ರಬ್ಬರ್ ಮತ್ತು ತಗಡಿನ ನಡುವೆ. ಮೊದಲನೆಯದಕ್ಕೆ ತೆಳ್ಳಗೆ ಹರಿಯುವ, ಗಟ್ಟಿಯಾಗದ ಸೀಲೆಂಟನ್ನು ರಬ್ಬರಿನ ತುಟಿ ಎತ್ತಿ ಒಳಗೆ ಬಿಡಬಹುದು. ಎರಡನೆಯದು ಕಷ್ಟ. ರಬ್ಬರಿನ ಕೆಳಗೆ ತಗಡು ತುಕ್ಕು ಹಿಡಿದು ಉಬ್ಬಿ ರಬ್ಬರನ್ನೇ ಮೇಲಕ್ಕೆ ತಳ್ಳಿರುತ್ತದೆ. ಆಗ ಎಷ್ಟು ಬಳಿದರೂ ಪ್ರಯೋಜನವಿಲ್ಲ. ಗಾಜು ಇಳಿಸಿ, ತುಕ್ಕು ಕೆರೆದು, ಪ್ರೈಮರ್ ಹೊಡೆದು, ಹೊಸ ರಬ್ಬರ್ ಹಾಕಿಸಲೇಬೇಕು.

ಅಂಗಡಿಯಲ್ಲಿ ಸಿಲಿಕಾನ್ ಕೇಳುವಾಗ ಹುಷಾರು. ಬಚ್ಚಲುಮನೆಗೆ ಅಂತ ಮಾರುವ ಸಾಮಾನ್ಯ ಸಿಲಿಕಾನ್ ಒಣಗುವಾಗ ವಿನೆಗರ್ ವಾಸನೆ ಬರುತ್ತದೆ. ಅದು ಅಸಿಟಿಕ್ ಆಮ್ಲ. ತಗಡಿಗೆ ತಾಗಿದರೆ ಅದೇ ತುಕ್ಕಿಗೆ ಕಾರಣವಾಗುತ್ತದೆ. ಸಾಲದ್ದಕ್ಕೆ ಸಿಲಿಕಾನ್ ತಾಗಿದ ಜಾಗಕ್ಕೆ ಮುಂದೆ ಪೇಂಟ್ ಹಿಡಿಯುವುದಿಲ್ಲ. ಪೇಂಟರ್‌ಗಳು ಬೈಯುವುದು ಸುಮ್ನೆ ಅಲ್ಲ. ಛಾವಣಿಯ ಅಂಚಿನ ಕಾಲುವೆಯಲ್ಲಿ ತಗಡು ಕೂಡುವ ಕಡೆ ಸೀಲರ್ ಬಿರುಕು ಬಿಟ್ಟಿದ್ದರೆ ಪಾಲಿಯುರಿಥೇನ್ ಸೀಲರ್ ಸರಿ. ಸಿಲಿಕಾನೇ ಬೇಕಿದ್ದರೆ ನ್ಯೂಟ್ರಲ್ ಕ್ಯೂರ್ (ಒಣಗುವಾಗ ಈ ಆಮ್ಲ ಬಿಡದ ಬಗೆ) ಅಂತ ಬರೆದದ್ದು ಕೇಳಿ.

ಬಾಗಿಲ ಬೀಡಿಂಗ್ ನಿಜಕ್ಕೂ ಹೋಗಿದೆಯಾ ಅಂತ ತಿಳಿಯಲು ಒಂದು ಕಾಗದದ ಪಟ್ಟಿ ಸಾಕು. ಬಾಗಿಲು ಮತ್ತು ಅದರ ಚೌಕಟ್ಟಿನ ನಡುವೆ ಇಟ್ಟು, ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಅಲ್ಲಿ ಬೀಡಿಂಗ್ ಒತ್ತುತ್ತಿದೆ. ಸಲೀಸಾಗಿ ಜಾರಿದರೆ ಇಲ್ಲ. ಸುತ್ತ ಹೀಗೆ ನೋಡಿಕೊಂಡು ಹೋದರೆ ಹಿಂದಿನ ಮೇಲ್ಮೂಲೆಯಲ್ಲಿ ಮಾತ್ರ ಸಡಿಲ ಅಂತ ಗೊತ್ತಾಗಬಹುದು. ಆಗ ತಪ್ಪು ಬೀಡಿಂಗಿನದ್ದಲ್ಲದೇ ಇರಬಹುದು. ಕೀಲಿನ ಪಿನ್ ಸವೆದು ಬಾಗಿಲು ಜೋತುಬಿದ್ದಿರುತ್ತದೆ. ತೆರೆದ ಬಾಗಿಲಿನ ತುದಿ ಹಿಡಿದು ಮೇಲಕ್ಕೆತ್ತಿದಾಗ ಅಲ್ಲಾಡಿದರೆ ಮೊದಲು ಕೀಲು ಸರಿ ಮಾಡಿಸಿ. ಬೀಡಿಂಗ್ ಚೆನ್ನಾಗಿದ್ದರೆ ವರ್ಷಕ್ಕೆ ಒಂದೆರಡು ಸಲ ತೊಳೆದು ಸಿಲಿಕಾನ್ ಗ್ರೀಸ್ ಸವರಿದರೆ ಮೆತ್ತಗೆ ಉಳಿಯುತ್ತದೆ. ಸಾಮಾನ್ಯ ಗ್ರೀಸ್, ಎಂಜಿನ್ ಆಯಿಲ್ ಬೇಡ, ಈ ರಬ್ಬರ್ ಅದಕ್ಕೆ ಊದಿಕೊಂಡು ಹಾಳಾಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚುವವರೂ ಇದ್ದಾರೆ. ಇರುವೆ, ಇಲಿಗಳಿಗೆ ಕರೆಯೋಲೆ ಕೊಟ್ಟ ಹಾಗಾಗುತ್ತದೆ ಅಷ್ಟೇ.

ಡಿಕ್ಕಿಯಲ್ಲಿ ನೀರು ನಿಂತರೆ ಸ್ಟೆಪ್ನಿ ಎತ್ತಿ ನೋಡಿ. ಹಿಂದಿನ ದೀಪದ ಗ್ಯಾಸ್ಕೆಟ್, ಡಿಕ್ಕಿಯ ಬೀಡಿಂಗ್, ಏರಿಯಲ್ ಕೂರಿಸಿದ ತೂತು, ಇವು ಮೂರು ಮುಖ್ಯ ಅನುಮಾನಿತರು.

ಸೋರುವ ಜಾಗ ಹುಡುಕುವುದು

ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹನಿ ಅಡುಗೆಮನೆಯಲ್ಲಿ ಬಿದ್ದರೂ ಒಡೆದ ಹಂಚು ಜಗುಲಿಯ ಮೇಲಿರಬಹುದು, ನೀರು ಪಕಾಸಿ ಹಿಡಿದು ಅಷ್ಟು ದೂರ ಬಂದಿರುತ್ತದೆ. ಕಾರಿನಲ್ಲೂ ಒದ್ದೆಯಾದ ಜಾಗ ಬೇರೆ, ಸೋರುವ ಜಾಗ ಬೇರೆ. ಹಿಂದಿನ ಸೀಟಿನ ಕೆಳಗೆ ನಿಂತ ನೀರು ಮುಂದಿನ ಗಾಜಿನ ಮೂಲೆಯಿಂದ ಬಂದಿರಬಹುದು, ಕಾರು ಹಿಂದಕ್ಕೆ ಇಳಿಜಾರಾಗಿ ನಿಂತಿದ್ದರೆ ಸಾಕು.

ಹಾಗಾಗಿ ಮೊದಲು ಕಾರ್ಪೆಟ್ ಎತ್ತಿ ಎಲ್ಲ ಒಣಗಿಸಬೇಕು. ಅನುಮಾನವಿರುವ ಜಾಗಗಳಿಗೆ ಟಾಲ್ಕಂ ಪೌಡರ್ ಉದುರಿಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ಶುರು ಮಾಡುವುದು ಕೆಳಗಿನಿಂದ: ಮೊದಲು ಬಾಗಿಲ ಕೆಳಭಾಗ, ಆಮೇಲೆ ಕಿಟಕಿ, ಕೊನೆಗೆ ಛಾವಣಿ. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆಗೂ ಒಟ್ಟಿಗೆ ನೀರು ಇಳಿದು ಏನೂ ಗೊತ್ತಾಗುವುದಿಲ್ಲ. ಒಂದೊಂದು ಕಡೆ ಐದು ನಿಮಿಷವಾದರೂ ಬಿಡಿ. ಪೌಡರಿನ ಮೇಲೆ ಗೆರೆ ಮೂಡಿದರೆ ಅದನ್ನು ಹಿಡಿದು ಮೇಲಕ್ಕೆ ಹೋಗಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಬಳಸಬೇಡಿ. ಆ ರಭಸಕ್ಕೆ ಸರಿಯಾಗಿರುವ ರಬ್ಬರೂ ಸೋರುತ್ತದೆ.

ಎಲ್ಲ ನೀರೂ ಮಳೆಯದ್ದಲ್ಲ ಅನ್ನುವುದೂ ನೆನಪಿರಲಿ. ಎಸಿ ಹಾಕಿ ಓಡಿಸಿದ ದಿನ ಮಾತ್ರ ಎಡಗಡೆ ಕಾಲಡಿ ಒದ್ದೆಯಾದರೆ ಎಸಿ ನೀರು ಹೋಗುವ ಪೈಪ್ ಕಟ್ಟಿದೆ. ನೀರು ಅಂಟಂಟಾಗಿ, ಸಿಹಿ ವಾಸನೆ ಬಂದರೆ ಅದು ಹೀಟರಿನಿಂದ ಸೋರಿದ ಕೂಲೆಂಟ್. ಕಾರ್ಪೆಟ್ ಪೂರ್ತಿ ಒಣಗಿದ್ದು, ಗಾಜಿನ ಒಳಗಡೆ ಬೆವರು, ಎಲ್ಲೆಲ್ಲೂ ಬೂಷ್ಟು ಇದ್ದರೆ ಸೋರಿಕೆಯೇ ಇಲ್ಲ. ಗಾಳಿಯಾಡದ ತೇವ ಅಷ್ಟೇ.

ಕಾರ್ಪೆಟ್ ಒಣಗಿದೆಯೋ ಇಲ್ಲವೋ ಅಂತ ಮೇಲಿನಿಂದ ಮುಟ್ಟಿ ಹೇಳುವ ಹಾಗಿಲ್ಲ. ಅದರ ಕೆಳಗೆ ಫೆಲ್ಟ್ ಅಥವಾ ಫೋಮಿನ ಪದರ ಇರುತ್ತದೆ. ಅದು ನೀರು ಕುಡಿದರೆ ವಾರಗಟ್ಟಲೆ ಬಿಡುವುದಿಲ್ಲ. ನೆಲದ ತಗಡು ಆ ಒದ್ದೆಗೆ ಅಂಟಿಕೊಂಡೇ ಇರುತ್ತದೆ. ಮಡಚಿದ ನ್ಯೂಸ್ ಪೇಪರ್ ಇಟ್ಟು ಮೊಣಕಾಲಿನಿಂದ ಒತ್ತಿ ಹಿಡಿಯಿರಿ. ಪೇಪರ್ ನೆನೆದರೆ ಪದರ ಹೊರಗೆ ತೆಗೆಯಲೇಬೇಕು. ಮಳೆಗಾಲದಲ್ಲಿ ಬಿಸಿಲಿಗೆ ಕಾಯುತ್ತ ಕೂರಲು ಆಗದು, ಒಲೆಯ ಹತ್ತಿರ ಅಥವಾ ಫ್ಯಾನಿನ ಕೆಳಗೆ ಹರವಬೇಕು. ತೇವ ಹೀರಲು ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇಡುವವರು ಅದರಲ್ಲಿ ಕೂಡುವ ನೀರು ಚೆಲ್ಲದಂತೆ ನೋಡಿಕೊಳ್ಳಿ, ಆ ಉಪ್ಪುನೀರು ತಗಡನ್ನು ತಿನ್ನುತ್ತದೆ.

ಹೊದಿಕೆಗಿಂತ ಮಾಡು ಮೇಲು

ಟಾರ್ಪಾಲಿನ ವಿಷಯಕ್ಕೆ ಬರೋಣ. ನೇರವಾಗಿ ಕಾರಿಗೆ ಹೊದಿಸಿದ ಪ್ಲಾಸ್ಟಿಕ್ ಮೇಲಿನ ನೀರು ತಡೆಯುತ್ತದೆ, ಸರಿ. ಆದರೆ ನೆಲದಿಂದ ಏಳುವ ತೇವ ಅದರೊಳಗೆ ಸಿಕ್ಕಿಬೀಳುತ್ತದೆ. ರಾತ್ರಿ ತಣ್ಣಗಾದಾಗ ತಗಡಿನ ಮೇಲೆ ಹನಿಯಾಗಿ ಕೂರುತ್ತದೆ, ಹಗಲು ಮತ್ತೆ ಆವಿ. ಗಾಳಿಯ ತೇವಾಂಶ ಸುಮಾರು ಶೇ. 60 ದಾಟಿದರೆ ಕಬ್ಬಿಣ ತುಕ್ಕು ಹಿಡಿಯುವ ವೇಗ ಏರುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಗಾಳಿಯೇ ತಿಂಗಳುಗಟ್ಟಲೆ ಅದಕ್ಕಿಂತ ಮೇಲಿರುತ್ತದೆ, ಟಾರ್ಪಾಲಿನ ಒಳಗೆ ಕೇಳುವುದೇ ಬೇಡ. ಮಂಗಳೂರು, ಕಾರವಾರದ ಕಡೆ ಉಪ್ಪು ಗಾಳಿಯೂ ಸೇರಿದರೆ ಇನ್ನೂ ಬೇಗ. ಜೊತೆಗೆ ಗಾಳಿಗೆ ಪಟಪಟ ಬಡಿಯುವ ಟಾರ್ಪಾಲು ಧೂಳಿನೊಂದಿಗೆ ಉಜ್ಜಿ ಪೇಂಟಿನ ಹೊಳಪು ತೆಗೆಯುತ್ತದೆ.

ಗಾಳಿಯಾಡುವ ಬಟ್ಟೆಯ ಕವರ್ ಬೆಂಗಳೂರು, ಮೈಸೂರಿನಂಥ ಕಡೆ ಪರವಾಗಿಲ್ಲ, ಮಳೆ ಬಿಟ್ಟ ಮೇಲೆ ಒಣಗುತ್ತದೆ. ಘಟ್ಟದಲ್ಲಿ ಅದಕ್ಕೆ ಒಣಗಲು ಬಿಡುವೇ ಸಿಗುವುದಿಲ್ಲ, ಒದ್ದೆ ಬಟ್ಟೆ ಹೊದ್ದೇ ಕಾರು ಮೂರು ತಿಂಗಳು ಕಳೆಯುತ್ತದೆ. ಅಲ್ಲಿ ಅದೇ ಟಾರ್ಪಾಲನ್ನು ಕಾರಿನಿಂದ ಒಂದೆರಡು ಅಡಿ ಮೇಲೆ ಕಟ್ಟುವುದು ಒಳ್ಳೆಯದು. ನಾಲ್ಕು ಕಂಬ, ಅಡ್ಡಕ್ಕೆ ಅಡಿಕೆ ದಬ್ಬೆ, ನೀರು ನಿಲ್ಲದಷ್ಟು ಇಳಿಜಾರು. ಸುತ್ತ ತೆರೆದಿರಲಿ, ಗಾಳಿ ಹಾದುಹೋಗಲಿ. ಮಳೆ ಪಡುವಣದಿಂದ ಬೀಸುವ ಕಾರಣ ಆ ಒಂದು ಬದಿಗೆ ಎರಚಲು ಹೊಡೆಯದಂತೆ ಸೋಗೆಯ ತಟ್ಟಿ ಸಾಕು. ಕೈಯಲ್ಲಿ ದುಡ್ಡಿದ್ದರೆ ಶೀಟು ಹಾಕಿಸಿ. ಒಟ್ಟಿನಲ್ಲಿ ಪೂರ್ತಿ ಸುತ್ತಿದ ಕಾರಿಗಿಂತ ಮಾಡಿನ ಕೆಳಗೆ ಬೋಳಾಗಿ ನಿಂತ ಕಾರು ಜಾಸ್ತಿ ದಿನ ಬಾಳುತ್ತದೆ.

ನೆಲವೂ ಮುಖ್ಯ. ಹುಲ್ಲು, ಹಸಿ ಮಣ್ಣಿನ ಮೇಲೆ ನಿಂತ ಕಾರಿಗೆ ಕೆಳಗಿನಿಂದ ದಿನವಿಡೀ ತೇವ ಏರುತ್ತದೆ. ಜಲ್ಲಿ ಹರಡಿ, ಇಲ್ಲವೇ ಚಕ್ರಗಳ ಕೆಳಗೆ ಚಪ್ಪಡಿ ಹಾಕಿ. ಹ್ಯಾಂಡ್ ಬ್ರೇಕ್ ಎಳೆದು ತಿಂಗಳು ಬಿಟ್ಟರೆ ಹಿಂದಿನ ಬ್ರೇಕ್ ಡ್ರಮ್ಮಿಗೆ ಬ್ರೇಕ್ ಶೂ ಕಚ್ಚಿಕೊಳ್ಳುತ್ತದೆ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಮಳೆ ಬಿಟ್ಟು ಹೊಳವು ಸಿಕ್ಕ ದಿನ ಎಲ್ಲ ಬಾಗಿಲು ಸ್ವಲ್ಪ ಹೊತ್ತು ತೆರೆದಿಡಿ, ಆಮೇಲೆ ಮುಚ್ಚಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬನ್ನಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಸೈಲೆನ್ಸರಿನೊಳಗೆ ನೀರು ಕೂಡುತ್ತದೆ, ಅದು ಒಳಗಿನಿಂದ ತೂತಾಗುತ್ತದೆ. ಪೆಟ್ರೋಲಿನಲ್ಲಿ ಈಗ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮೂರು ತಿಂಗಳು ನಿಲ್ಲಿಸುವುದೇ ಆದರೆ ಟ್ಯಾಂಕ್ ಅರ್ಧಂಬರ್ಧ ಬಿಡಬೇಡಿ, ತುಂಬಿಸಿಡಿ.

ಕಾರಿನ ತಳಕ್ಕೆ ಹಳೆ ಎಂಜಿನ್ ಆಯಿಲ್ ಹೊಡೆಯುವುದು ಜೀಪಿನ ಕಾಲದಿಂದ ಬಂದ ಪದ್ಧತಿ. ತುಕ್ಕು ಸ್ವಲ್ಪ ತಡೆಯುತ್ತದೆ, ಆದರೆ ಸಸ್ಪೆನ್ಷನ್ ಕೀಲುಗಳಲ್ಲಿರುವ ಬುಷ್ ರಬ್ಬರುಗಳು ಹಾಳಾಗುತ್ತವೆ. ತೊಟ್ಟಿಕ್ಕಿದ ಆಯಿಲ್ ಮಳೆನೀರಿನ ಜೊತೆ ಬಾವಿಯ ಕಡೆಗೇ ಹೋಗುತ್ತದೆ. ಮೇಣದಂಥ ಕೋಟಿಂಗ್ ಸಿಗುತ್ತದೆ, ಅದನ್ನು ಹೊಡೆಸಿ. ಅಂಡರ್ ಕೋಟಿಂಗ್ ಮಾಡಿಸುವಾಗ ಪಕ್ಕದಲ್ಲೇ ನಿಂತು ಎರಡು ವಿಷಯ ನೋಡಿಕೊಳ್ಳಿ. ತುಕ್ಕಿನ ಮೇಲೇ ಹೊಡೆಯಬಾರದು, ಒಳಗೊಳಗೇ ತಿನ್ನುತ್ತ ಹೋಗುತ್ತದೆ. ಬಾಗಿಲ ತಳದ, ರನ್ನಿಂಗ್ ಬೋರ್ಡಿನ ತೂತುಗಳನ್ನು ಮುಚ್ಚಬಾರದು.

ನೆಲದ ತಗಡಿನಲ್ಲಿ ಈಗಾಗಲೇ ತುಕ್ಕು ಕಂಡಿದ್ದರೆ ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟಿ, ಆಮೇಲೆ ತುದಿಯಿಂದ ಒತ್ತಿ. ಟಣ್ ಅಂದರೆ ಕೆರೆದು ಪೇಂಟ್ ಹಚ್ಚಬಹುದು. ತುದಿ ಒಳಗೆ ಹೋದರೆ ಟಿಂಕರಿಂಗ್ ಕೆಲಸ. ಸೀಟಿನ ಬೋಲ್ಟ್, ಸೀಟ್ ಬೆಲ್ಟಿನ ಬುಡ, ಸಸ್ಪೆನ್ಷನ್ ಕೂರುವ ಜಾಗ, ಇವುಗಳ ಹತ್ತಿರ ತೂತಾಗಿದ್ದರೆ ಎಂ-ಸೀಲ್, ಫೈಬರ್ ಹಾಳೆ ಯಾವುದೂ ನಡೆಯುವುದಿಲ್ಲ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಕಳಚಿಸಿ, ಕಾರ್ಪೆಟ್ ಫೆಲ್ಟ್ ಎಲ್ಲ ಹೊರಗೆ ತೆಗೆಸಿ, ಪೆಟ್ರೋಲ್ ಪೈಪ್ ಎಲ್ಲಿ ಹಾದುಹೋಗಿದೆ ಅಂತ ಟಿಂಕರಿಗೆ ತೋರಿಸಿ.